ದೀಪ ಹಿಡಿದವಳ ಹೆಸರು

ನಮ್ಮ ವಾರ್ಷಿಕ ಸಂಚಿಕೆಯ ಮುಖಪುಟಕ್ಕೆ ಈ ಸಲ ಯಾವ ಚಿತ್ರವನ್ನು ಹಾಕತಕ್ಕದ್ದು ಎಂಬ ವಿಷಯವಾಗಿ ವಿದ್ಯಾರ್ಥಿ ಮಿತ್ರರಲ್ಲಿ ಎರಡು ದಿನ ಬಿಸಿಬಿಸಿ ಚರ್ಚೆ ನಡೆಯಿತು. ರಾಯಚೂರಿನ ಕೋಟೆ ಹಿಂದೆ ಎಷ್ಟೋ ಸಲ ಬಂದಿದೆಯೆಂದು ಒಬ್ಬರು ತಳ್ಳಿಹಾಕಿದರು. ಹತ್ತಿಯ ಹೊಲ ಕಾಲೇಜಿನ ಘನತೆಗೆ ತಕ್ಕುದಲ್ಲವೆಂದು ಇನ್ನೊಬ್ಬರು ಮೂಗು ಮುರಿದರು. ಕಡೆಗೆ ಬಹುಮತವು ಒಬ್ಬ ಹೆಂಗಸಿನ ಚಿತ್ರದ ಕಡೆಗೆ ಒಲಿಯಿತು. ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಮರೆಮಾಡಿ, ಕತ್ತಲಲ್ಲಿ ನಿಂತಿರುವ ಆಕೆಯನ್ನು ಕಾಣದವರು ನಮ್ಮಲ್ಲಿ ಯಾರೂ ಇರಲಾರರು. ಕ್ಷೌರದ ಅಂಗಡಿಯಲ್ಲಿ, ಖಾನಾವಳಿಯ ಗೋಡೆಯ ಮೇಲೆ, ಬಟ್ಟೆ ಅಂಗಡಿಯ ಕ್ಯಾಲೆಂಡರಿನಲ್ಲಿ, ಈಗ ಎಲ್ಲರ ಕೈಯ ಮೊಬೈಲಿನಲ್ಲಿಯೂ ಆಕೆ ಇದ್ದಾಳೆ. ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ. ಚಿತ್ರದ ಕೆಳಗೆ ಅಚ್ಚು ಮಾಡಲೆಂದು ಬರೆದು ತಂದ ಸಾಲಿನ ಮೇಲೆ ಮಾತ್ರ ತಕರಾರು. "ಮನೆಯ ಬೆಳಕು: ರಾಜಾ ರವಿವರ್ಮನ ತೈಲಚಿತ್ರ" ಎಂದು ಅದರಲ್ಲಿತ್ತು. ಐದೇ ಪದಗಳು. ಅವುಗಳಲ್ಲಿ ಚಿತ್ರ ಬರೆದವರ ಹೆಸರು ತಪ್ಪು, ಬಳಸಿದ ಬಣ್ಣ ತಪ್ಪು, ಉಳಿದ ಎರಡು ಪದ ಯಾರದೋ ಊಹೆ.

"ಇಷ್ಟಕ್ಕೇ ಇಷ್ಟು ಗಲಾಟೆಯೇನು? ಚಿತ್ರ ಚೆನ್ನಾಗಿದ್ದರೆ ಸಾಲದೆ?" ಎಂದು ಮಿತ್ರರು ನಕ್ಕರು. ಸಾಲದು ಎಂಬುದೇ ನನ್ನ ನಮ್ರ ಅಭಿಪ್ರಾಯ. ಏಕೆ ಸಾಲದು ಎಂಬುದನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದೆ ನಿವೇದಿಸಿಕೊಳ್ಳಲು ಈ ಪುಟಗಳನ್ನು ಕೇಳಿ ಪಡೆದಿದ್ದೇನೆ.

ಮೊದಲು ತಿಳಿದಿರುವ ಸಂಗತಿಗಳನ್ನು ಹೇಳಿಬಿಡುತ್ತೇನೆ. ಈ ಚಿತ್ರವನ್ನು ಬರೆದವರು ಸಾವಳಾರಾಮ ಲಕ್ಷ್ಮಣ ಹಳದಣಕರರು. ಕೊಂಕಣ ಸೀಮೆಯ ಸಾವಂತವಾಡಿಯಲ್ಲಿ 1882ರಲ್ಲಿ ಹುಟ್ಟಿದ ಇವರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1908ರಲ್ಲಿ ಅದೇ ಊರಿನಲ್ಲಿ ತಮ್ಮದೇ ಚಿತ್ರಶಾಲೆಯೊಂದನ್ನು ತೆರೆದು, ಅನೇಕ ಶಿಷ್ಯರನ್ನು ತಯಾರು ಮಾಡಿದರು. 1968ರಲ್ಲಿ ತೀರಿಕೊಂಡರು. ದೀಪದ ಚಿತ್ರವನ್ನು ಬರೆದದ್ದು 1945-46ರ ಸುಮಾರಿಗೆ. ಆಗ ಅವರಿಗೆ ಅರವತ್ತು ದಾಟಿತ್ತು. ಬರೆದದ್ದು ಕಾಗದದ ಮೇಲೆ, ಜಲವರ್ಣದಲ್ಲಿ. ಅದು ಮೈಸೂರಿಗೆ ಬಂದು ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ಸೇರಿತು. ಇಂಗ್ಲಿಷಿನಲ್ಲಿ ಇದಕ್ಕೆ 'ಗ್ಲೋ ಆಫ್ ಹೋಪ್' ಎಂದು ಹೆಸರು. ಆಸೆಯ ಬೆಳಕು ಎನ್ನಬಹುದು. ರವಿವರ್ಮರಾದರೋ 1906ರಲ್ಲಿಯೇ ಕಾಲವಾದವರು. ಸತ್ತು ಮೂವತ್ತೊಂಬತ್ತು ವರ್ಷಗಳಾದ ಮೇಲೆ ಯಾವ ಮಹಾಕಲಾವಿದನೂ ಕುಂಚ ಹಿಡಿಯಲಾರ!

ಹಾಗಿದ್ದರೂ ರವಿವರ್ಮರ ಹೆಸರೇ ಏಕೆ ಅಂಟಿತು? ಇದಕ್ಕೆ ಎರಡು ಕಾರಣಗಳು ನನಗೆ ತೋರುತ್ತವೆ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಅನೇಕ ಚಿತ್ರಗಳಿವೆ. ಅವನ್ನು ನೋಡಲೆಂದೇ ಜನ ಹೋಗುತ್ತಾರೆ. ಅದೇ ಕಣ್ಣಿನಿಂದ ಇದನ್ನೂ ನೋಡಿ ಬರುತ್ತಾರೆ. ಇನ್ನೊಂದು ಕಾರಣ ಇದಕ್ಕಿಂತ ಹಳೆಯದು. 1894ರಲ್ಲಿ ರವಿವರ್ಮರು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. ಅಲ್ಲಿಂದ ಹೊರಟ ಲಕ್ಷ್ಮಿ ಸರಸ್ವತಿಯರು ಬಡವರ ಮನೆಯ ಮಣ್ಣಿನ ಗೋಡೆಯನ್ನೂ ಏರಿದರು. ಅರಮನೆಯ ಚಿತ್ರವನ್ನು ಗುಡಿಸಲಿಗೆ ತಂದುಕೊಟ್ಟ ಉಪಕಾರ ಸಣ್ಣದಲ್ಲ. ಆದರೆ ಅಂದಿನಿಂದ ನಮ್ಮ ಜನಕ್ಕೆ ಸೀರೆಯುಟ್ಟ ಚೆಲುವೆಯ ಚಿತ್ರವೆಲ್ಲ ರವಿವರ್ಮನದೇ ಆಯಿತು, ಕಪ್ಪು ಕಲ್ಲಿನ ಹಳೆಯ ಗುಡಿಗಳೆಲ್ಲ ಜಕಣಾಚಾರಿ ಕಟ್ಟಿದವೇ ಆದಹಾಗೆ. ದೊಡ್ಡ ಹೆಸರಿನ ಮರದ ಕೆಳಗೆ ಸಣ್ಣ ಗಿಡ ಬೆಳೆಯದು. ಹಳದಣಕರರು ಸಣ್ಣ ಗಿಡವೇನೂ ಅಲ್ಲ. ಆದರೂ ನೆರಳಿನಲ್ಲಿ ಸಿಕ್ಕಿಕೊಂಡರು.

ಹೆಸರಿನ ಬೆಲೆ ಏನೆಂಬುದನ್ನು ನಮ್ಮ ರಾಯಚೂರು ಜಿಲ್ಲೆಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಚರಿತ್ರೆಯ ವಿದ್ಯಾರ್ಥಿಗಳೆಲ್ಲರೂ ಮಸ್ಕಿಯ ಬಂಡೆಯ ವಿಷಯವನ್ನು ಓದಿದ್ದೇವೆ. ಪ್ರಿನ್ಸೆಪ್ ಪಂಡಿತನು 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೆ ದೇಶದ ಉದ್ದಗಲಕ್ಕೂ ಶಾಸನಗಳು ಮಾತಾಡತೊಡಗಿದವು. ಆದರೆ ಅವುಗಳಲ್ಲೆಲ್ಲ ಅರಸನ ಬಿರುದು ಇತ್ತೇ ಹೊರತು ಹೆಸರಿರಲಿಲ್ಲ. 'ದೇವಾನಾಂಪ್ರಿಯ' ಎಂದರೆ ಇಂಥವನೇ ಎಂದು ಬೇರೆ ಗ್ರಂಥಗಳ ಸಹಾಯದಿಂದ ತರ್ಕಿಸಬೇಕಾಗಿತ್ತು. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಶಾಸನವನ್ನು ಕಂಡಾಗ, ಅದರಲ್ಲಿ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಸಿಕ್ಕಿತು. ಒಂದು ಹೆಸರು ಸಿಕ್ಕಿದ್ದರಿಂದ ಅಷ್ಟೂ ಬಂಡೆಗಳಿಗೆ ಒಬ್ಬ ಒಡೆಯ ಸಿಕ್ಕಿದ. ಇಂಥ ಜಿಲ್ಲೆಯ ಕಾಲೇಜಿನಿಂದ ಹೊರಡುವ ಪತ್ರಿಕೆಯು ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಹೆಸರು ಹಚ್ಚಿ ಕಳಿಸುವುದು ಶೋಭೆಯಲ್ಲ.

ಇನ್ನು ಬಣ್ಣದ ವಿಷಯ. ತೈಲವಾದರೇನು, ಜಲವಾದರೇನು ಎನ್ನುವವರಿಗೆ ಒಂದು ಮಾತು. ತೈಲವರ್ಣದಲ್ಲಿ ಗೆರೆ ಕೆಟ್ಟರೆ ಒರೆಸಬಹುದು, ಒಣಗಿದ ಮೇಲೆ ಅದರ ಮೇಲೆಯೇ ಮತ್ತೆ ಬರೆಯಬಹುದು, ಕಪ್ಪಿನ ಮೇಲೆ ಬಿಳಿಯನ್ನು ಕೂಡಿಸಬಹುದು. ಜಲವರ್ಣಕ್ಕೆ ಈ ಕ್ಷಮೆಯಿಲ್ಲ. ಅದರಲ್ಲಿ ಬೆಳಕೆಂದರೆ ಹಚ್ಚಿದ ಬಣ್ಣವಲ್ಲ, ಹಚ್ಚದೆ ಉಳಿಸಿದ ಕಾಗದ. ಎಲ್ಲಿ ಬೆಳಕಿರಬೇಕೋ ಅಲ್ಲಿಗೆ ಕುಂಚ ಹೋಗಬಾರದು, ಹೋದರೂ ನೀರಿನಷ್ಟು ತೆಳ್ಳಗೆ ಹೋಗಿ ಬರಬೇಕು. ಕತ್ತಲೆಯನ್ನು ಮಾತ್ರ ಪದರದ ಮೇಲೆ ಪದರವಾಗಿ ಕಟ್ಟುತ್ತ ಬರಬೇಕು. ನಮ್ಮ ಮನೆಗಳಲ್ಲಿ ನೆಲ ಸಾರಿಸಿದ ಹೆಣ್ಣುಮಕ್ಕಳಿಗೆ ಇದು ಬೇಗ ತಿಳಿದೀತು. ಸಗಣಿಯ ನೀರು ಹಸಿಯಾಗಿರುವಾಗಲೇ ಕೈ ಆಡಿಸಿಬಿಡಬೇಕು. ನಡುವೆ ಯಾರೋ ಕರೆದರೆಂದು ಎದ್ದು ಹೋಗಿ ಬಂದರೆ, ಒಣಗಿದ ಅಂಚಿಗೂ ಹೊಸ ಹಸಿಗೂ ಸೇರಿದಲ್ಲಿ ಒಂದು ಕಲೆ ನಿಲ್ಲುತ್ತದೆ. ಎಷ್ಟು ಉಜ್ಜಿದರೂ ಹೋಗದು. ಜಲವರ್ಣದ ಕಷ್ಟವೂ ಅದೇ ಜಾತಿಯದು. ಅರವತ್ತು ದಾಟಿದ ಕೈಯೊಂದು ಒಂದಿಡೀ ಕತ್ತಲೆಯ ಕೋಣೆಯನ್ನು ಹೀಗೆ ಕಲೆ ಬೀಳದಂತೆ ಸಾರಿಸಿ, ನಡುವೆ ಒಂದು ದೀಪದಷ್ಟು ಜಾಗವನ್ನು ಉಳಿಸಿಕೊಂಡಿತಲ್ಲ, ಅದು ಚಿತ್ರದ ಅರ್ಧ ಮಹಿಮೆ. 'ತೈಲಚಿತ್ರ' ಎಂದು ಬರೆದ ಕ್ಷಣವೇ ಆ ಅರ್ಧವನ್ನು ಅಳಿಸಿಹಾಕಿದಂತಾಯಿತು.

ಮೂಲಚಿತ್ರವನ್ನು ನಾನು ನೋಡಿದ್ದೇನೆ. ಹೋದ ವರ್ಷ ಕಾಲೇಜಿನಿಂದ ಮೈಸೂರಿಗೆ ಪ್ರವಾಸ ಹೋಗಿದ್ದಾಗ ನೋಡಿದ್ದು. ಪ್ರವಾಸದ ಹಣವನ್ನು ನನ್ನ ತಾಯಿ ಹತ್ತಿ ಬಿಡಿಸಿದ ಕೂಲಿಯಿಂದ ಕೊಟ್ಟಿದ್ದಳು. ಆದ್ದರಿಂದ ಯಾವುದನ್ನೂ ಅವಸರದಲ್ಲಿ ನೋಡಬಾರದೆಂಬ ಹಟ ನನಗಿತ್ತು. ಮಿತ್ರರೆಲ್ಲ ಮುಂದಿನ ಕೋಣೆಗೆ ಹೋದ ಮೇಲೂ ಅದರ ಎದುರು ನಿಂತೆ. ಕ್ಯಾಲೆಂಡರಿನಲ್ಲಿ ಕಾಣದ ಒಂದು ಸಂಗತಿ ಅಲ್ಲಿ ಕಂಡಿತು. ದೀಪದ ಚಿತ್ರವೆಂದು ಹೆಸರಾದ ಈ ಚಿತ್ರದಲ್ಲಿ ನಾವು ಉರಿಯನ್ನು ಕಾಣುವುದೇ ಇಲ್ಲ. ನಮಗೂ ಉರಿಗೂ ನಡುವೆ ಆಕೆಯ ಅಂಗೈ ಬಂದಿದೆ. ಬೆರಳುಗಳ ಸಂದಿಯಲ್ಲಿ ಕೆಂಪಾಗಿ ಸೋಸಿ ಬಂದದ್ದು, ಮುಖಕ್ಕೆ ತಾಗಿ ತಿರುಗಿದ್ದು, ಗೋಡೆಯ ಮೇಲೆ ನೆರಳಾದದ್ದು, ಇಷ್ಟೇ ನಮ್ಮ ಪಾಲಿಗೆ. ಅಚ್ಚಿನ ಪ್ರತಿಗಳಲ್ಲಿ ಸೀರೆಯ ಬಣ್ಣ ಅಂಗಡಿಗೊಂದು ತೆರನಾಗಿರುತ್ತದೆ. ಕೆಲವು ಮುದ್ರಕರು ಬೆರಳಿನ ಕೆಂಪನ್ನು ಕುಂಕುಮದಷ್ಟು ಗಾಢ ಮಾಡಿ ಆಕೆಯ ಕೈಗೆ ಗಾಯವಾದಂತೆ ತೋರಿಸುತ್ತಾರೆ. ಮೂಲದಲ್ಲಿ ಅದು ಗಾಯವಲ್ಲ, ಸೂರ್ಯನಿಗೆ ಕೈ ಅಡ್ಡ ಹಿಡಿದಾಗ ನಮ್ಮ ಬೆರಳಿನಲ್ಲಿಯೂ ಕಾಣುವ ಜೀವಂತ ಕೆಂಪು.

ಅಲ್ಲಿಯೇ ನನ್ನ ಪಕ್ಕದಲ್ಲಿ ನಿಂತಿದ್ದ ಯಾವುದೋ ಊರಿನ ಯಜಮಾನರೊಬ್ಬರು ತಮ್ಮ ಮನೆಯವರಿಗೆ ಹೇಳುತ್ತಿದ್ದರು: "ಗಂಡ ಇನ್ನೂ ಬಂದಿಲ್ಲ, ಕಾಯ್ತಾ ಇದ್ದಾಳೆ." ಮನೆಯವರು ಏನೂ ಹೇಳದೆ ಮುಂದೆ ನಡೆದರು. ಊರಿಗೆ ಬಂದ ಮೇಲೆ ನಾನು ಬೇಕೆಂದೇ ಹತ್ತಾರು ಜನರನ್ನು ಈ ಚಿತ್ರದ ಬಗ್ಗೆ ಕೇಳಿದೆ. ದೇವರ ಕೋಣೆಗೆ ಹೊರಟಿದ್ದಾಳೆಂದು ಕೆಲವರು, ಯುದ್ಧಕ್ಕೆ ಹೋದವನ ದಾರಿ ನೋಡುತ್ತಿದ್ದಾಳೆಂದು ಒಬ್ಬರು, ಗುಟ್ಟಾಗಿ ಯಾರನ್ನೋ ಕಾಣಲು ಹೊರಟಿದ್ದಾಳೆಂದು ನಮ್ಮ ತರಗತಿಯ ರಸಿಕರೊಬ್ಬರು ಹೇಳಿದರು. ನಗುತ್ತಿದ್ದಾಳೆ ಎಂದವರೂ ಉಂಟು, ಅಳು ನುಂಗಿದ್ದಾಳೆ ಎಂದವರೂ ಉಂಟು. ಒಂದೇ ಮುಖದಲ್ಲಿ ಇಷ್ಟನ್ನೆಲ್ಲ ಜನ ಓದುತ್ತಾರೆಂದರೆ ಚಿತ್ರದಲ್ಲಿ ಒಗಟಿದೆಯೆಂದೇ ಅರ್ಥ. ಆಕೆಯ ದೃಷ್ಟಿ ನಮ್ಮ ಕಡೆಗಿಲ್ಲ. ಯಾವುದರ ಕಡೆಗಿದೆಯೋ ಅದು ಚಿತ್ರದ ಹೊರಗಿದೆ. ಒಗಟು ಒಗಟಾಗಿರಲಿ ಎಂದು ಒಪ್ಪಿಕೊಳ್ಳಲು ನಮಗೇಕೋ ಕಷ್ಟ. ಒಂಟಿ ಹೆಣ್ಣು ದೀಪ ಹಿಡಿದು ನಿಂತರೆ ತಕ್ಷಣ ಒಬ್ಬ ಗಂಡನನ್ನೋ ದೇವರನ್ನೋ ತಂದು ಆಕೆಯ ಎದುರಿಗೆ ನಿಲ್ಲಿಸಿದರೇ ನಮಗೆ ಸಮಾಧಾನ.

ಇವರೆಲ್ಲರಿಗಿಂತ ಭಿನ್ನವಾದ ಮಾತನ್ನು ಆಡಿದವಳು ನನ್ನ ತಾಯಿ. ಮೈಸೂರಿನ ಅರಮನೆಯ ಹೊರಗೆ ಪಾದಚಾರಿ ದಾರಿಯಲ್ಲಿ ಮಾರುತ್ತಿದ್ದ ಒಂದು ಅಚ್ಚಿನ ಪ್ರತಿಯನ್ನು ಕೊಂಡು ತಂದು ಅವಳಿಗೆ ತೋರಿಸಿದ್ದೆ. ಅವಳಿಗೆ ಓದು ಬಾರದು. ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಎಷ್ಟೊತ್ತಿನಿಂದ ನಿಂತಾಳವ್ವಾ ಈಕಿ? ಕೈ ಜೋಮು ಹಿಡದಿರಬೇಕು" ಎಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಅಂಗೈ ಸುಡತಿರತೈತಿ. ಆದ್ರೂ ಮುಖದಾಗ ತೋರಸವಲ್ಲಳು" ಎಂದಳು. ಎಲ್ಲರೂ ಮುಖವನ್ನು ನೋಡಿದರೆ ಇವಳು ಕೈಯನ್ನು ನೋಡಿದ್ದಳು. ಹತ್ತಿಯ ಕಾಯಿಯ ಮುಳ್ಳಿನಂಥ ತುದಿಗಳಿಂದ ಗೀರಿಸಿಕೊಂಡ ಬೆರಳುಗಳಿಗೆ ಇನ್ನೊಬ್ಬರ ಬೆರಳು ಮೊದಲು ಕಾಣುವುದು ಸಹಜವಷ್ಟೆ.

ಆಶ್ಚರ್ಯವೆಂದರೆ, ಒಗಟಿನ ಹೊರಗೋಡೆಯನ್ನು ಸರಿಯಾಗಿ ಮುಟ್ಟಿದ್ದು ಇದೇ ಮಾತು. ಚಿತ್ರದಲ್ಲಿರುವಾಕೆ ಪುರಾಣದ ನಾಯಿಕೆಯಲ್ಲ, ಅರಮನೆಯ ರಾಣಿಯಲ್ಲ, ವಿರಹಿಣಿಯೂ ಅಲ್ಲ. ಹಳದಣಕರರ ಮಗಳು ಗೀತಾ. ಮದುವೆಯಾದ ಮೇಲೆ ಗೀತಾ ಉಪಳೇಕರ. ದೀಪಾವಳಿಯ ಹೊತ್ತಿನಲ್ಲಿ ಸೀರೆಯುಟ್ಟು ದೀಪ ಹಿಡಿದಿದ್ದ ಮಗಳನ್ನು ಕಂಡು ತಂದೆಗೆ ಈ ಚಿತ್ರದ ಕಲ್ಪನೆ ಬಂತೆಂದು ಹೇಳುತ್ತಾರೆ. ಆಮೇಲೆ ಆಕೆ ತಂದೆಯ ಎದುರು ಗಂಟೆಗಟ್ಟಲೆ ಅದೇ ಭಂಗಿಯಲ್ಲಿ ನಿಲ್ಲಬೇಕಾಯಿತು. 2018ರ ಅಕ್ಟೋಬರಿನಲ್ಲಿ, ನೂರು ದಾಟಿದ ತುಂಬು ವಯಸ್ಸಿನಲ್ಲಿ ಆಕೆ ತೀರಿಕೊಂಡಾಗ ವಾರ್ತಾಪತ್ರಿಕೆಗಳು ಬರೆದದ್ದರಿಂದ ಎಷ್ಟೋ ಜನಕ್ಕೆ ಚಿತ್ರದವಳು ಇಷ್ಟು ದಿನ ಬದುಕಿದ್ದಳೆಂಬುದೇ ಆಗ ತಿಳಿಯಿತು. ಲಕ್ಷಾಂತರ ಗೋಡೆಗಳ ಮೇಲೆ ಆಕೆಯ ಮುಖವಿತ್ತು. ಹೆಸರು ಮಾತ್ರ ಯಾವ ಗೋಡೆಯ ಮೇಲೂ ಇರಲಿಲ್ಲ.

ಚಿತ್ರ ಬರೆಯುವುದು ಕಲಾವಿದನ ಕೆಲಸ, ಸರಿ. ಆದರೆ ಉರಿಯುವ ದೀಪಕ್ಕೆ ಅಂಗೈ ಅಡ್ಡ ಹಿಡಿದು ಅಲುಗಾಡದೆ ನಿಲ್ಲುವುದೂ ಕೆಲಸವೇ. ಅಲುಗಿದರೆ ನೆರಳು ಅಲುಗುತ್ತದೆ, ನೆರಳು ಅಲುಗಿದರೆ ಕುಂಚ ತಪ್ಪುತ್ತದೆ, ಜಲವರ್ಣದಲ್ಲಿ ಕುಂಚ ತಪ್ಪಿದರೆ ಕಾಗದವೇ ಹೋಯಿತು. ಹೀಗೆ ನೋಡಿದರೆ ತಂದೆಯ ಕೈಯಷ್ಟೇ ಮಗಳ ಕೈಯೂ ಈ ಚಿತ್ರವನ್ನು ಮಾಡಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ನಮ್ಮ ಕಾಲೇಜಿನ ಹಿರಿಯ ಉಪನ್ಯಾಸಕರೊಬ್ಬರು, ಅವರ ಮೇಲೆ ನನಗೆ ಅಪಾರ ಗೌರವವಿದೆ, ಈ ವಾದವನ್ನು ಕೇಳಿ ಒಂದು ಆಕ್ಷೇಪಣೆ ಎತ್ತಿದರು. "ಇಂಥವರ ಮಗಳು ಇಂಥವಳು ಎಂದು ಹೇಳಿಬಿಟ್ಟರೆ ರಸಭಂಗವಾಗುವುದಿಲ್ಲವೇನಮ್ಮ? ಚಿತ್ರದ ಗುಟ್ಟು ಹೋಗಿ ಮನೆಯ ಫೋಟೋ ಆದೀತು" ಎಂದರು. ಈ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳಲಿಲ್ಲ. ಒಂದು ವಾರ ತಲೆಯಲ್ಲಿತ್ತು. ಆಮೇಲೆ ಗ್ರಂಥಾಲಯದಲ್ಲಿ ಲಿಯೊನಾರ್ಡೊನ ಮೋನಾ ಲೀಸಾಳ ವಿಷಯವನ್ನು ಓದಿದೆ. ಆಕೆ ಯಾರೆಂದು ನೂರಾರು ವರ್ಷ ವಾದ ನಡೆದಿತ್ತು. 2005ರಲ್ಲಿ ಜರ್ಮನಿಯ ಹೈಡೆಲ್ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದ ಒಂದು ಹಳೆಯ ಪುಸ್ತಕದ ಅಂಚಿನಲ್ಲಿ ಒಂದು ಟಿಪ್ಪಣಿ ಕಣ್ಣಿಗೆ ಬಿತ್ತು. ಫ್ಲಾರೆನ್ಸಿನ ಒಬ್ಬ ಅಧಿಕಾರಿ 1503ರಲ್ಲಿ ಬರೆದದ್ದು. ಲಿಯೊನಾರ್ಡೊ ಈಗ ಲೀಸಾ ದೆಲ್ ಜಿಯೊಕೊಂಡೊಳ ಭಾವಚಿತ್ರ ಬರೆಯುತ್ತಿದ್ದಾನೆ ಎಂಬ ಅರ್ಥದ ಮಾತು ಅದರಲ್ಲಿತ್ತು. ರೇಷ್ಮೆ ವ್ಯಾಪಾರಿಯೊಬ್ಬನ ಹೆಂಡತಿ ಎಂದು ಗಟ್ಟಿಯಾಯಿತು. ಹಾಗೆಂದು ಪ್ಯಾರಿಸಿನಲ್ಲಿ ಆಕೆಯ ಎದುರು ನಿಲ್ಲುವ ಜನಸಂದಣಿ ಕಡಿಮೆಯಾಯಿತೆ? ಆ ನಗೆ ಅರ್ಥವಾಗಿಬಿಟ್ಟಿತೆ? ಹೆಸರು ತಿಳಿದ ಮೇಲೂ ನಗೆಯ ಗುಟ್ಟು ಹಾಗೆಯೇ ಇದೆ. ನನಗನಿಸುವಂತೆ, ಹೆಸರು ತಿಳಿದ ಮೇಲೆಯೇ ನಿಜವಾದ ಗುಟ್ಟು ಶುರುವಾಗುತ್ತದೆ. ಹೆಸರಿಲ್ಲದ ಮುಖದಲ್ಲಿ ನಾವು ನಮ್ಮ ಕತೆಯನ್ನು ತುಂಬುತ್ತೇವೆ, ನಮ್ಮದನ್ನೇ ನಾವು ಓದಿಕೊಂಡು ಬರುತ್ತೇವೆ. ಹೆಸರಿರುವ ಮುಖಕ್ಕೆ ತನ್ನದೇ ಒಂದು ಮನಸ್ಸು ಇರುತ್ತದೆ. ಅದು ನಮಗೆ ಸಿಕ್ಕುವುದಿಲ್ಲ.

ಗಂಟೆಗಟ್ಟಲೆ ನಿಂತ ಆ ಹೊತ್ತಿನಲ್ಲಿ ಗೀತಾ ಏನು ಯೋಚಿಸುತ್ತಿದ್ದಳು? ಕೈ ನೋಯುತ್ತಿದೆ ಎಂದೆ? ಅಪ್ಪನಿಗೆ ವಯಸ್ಸಾಯಿತು ಎಂದೆ? ಒಲೆಯ ಮೇಲೆ ಇಟ್ಟದ್ದು ಹೊತ್ತಿತೆಂದೆ? ಗಂಡನನ್ನು ಕಾಯುವ ವಿರಹಿಣಿಯ ಕತೆಗಿಂತ ಈ ಪ್ರಶ್ನೆಗಳೇ ನನ್ನನ್ನು ಹೆಚ್ಚು ಕಾಡುತ್ತವೆ. ತಂದೆ ಕಂಡದ್ದನ್ನೆಲ್ಲ ಬರೆದಿದ್ದಾರೆ. ಮಗಳ ಮನಸ್ಸಿನಲ್ಲಿದ್ದದ್ದನ್ನು ಕಂಡಂತೆ ನಟಿಸಿಲ್ಲ. ಉರಿಯನ್ನು ಅಂಗೈಯ ಹಿಂದೆ ಇಟ್ಟಹಾಗೆ ಅದನ್ನೂ ಮುಖದ ಹಿಂದೆಯೇ ಬಿಟ್ಟಿದ್ದಾರೆ. ನೋಡುವವರಾದ ನಮಗೂ ಅಷ್ಟು ಸಂಯಮ ಬೇಡವೆ?

ಈಗ 'ಮನೆಯ ಬೆಳಕು' ಎಂಬ ಎರಡು ಪದಗಳಿಗೆ ಬರುತ್ತೇನೆ. ಇವನ್ನು ಬರೆದ ಮಿತ್ರರ ಉದ್ದೇಶ ಒಳ್ಳೆಯದೇ ಇತ್ತು. ಹೆಣ್ಣನ್ನು ಗೌರವಿಸಬೇಕೆಂದೇ ಅವರು ಬರೆದರು. ಆದರೆ ಈ ಗೌರವದ ಬೆಲೆ ಯಾರು ಕೊಡುತ್ತಾರೆ ಎಂಬುದನ್ನು ಸ್ವಲ್ಪ ನೋಡಬೇಕು. ಈಚೆಗೆ ಮದುವೆಯ ಫೋಟೋ ತೆಗೆಯುವವರು ವಧುವಿನ ಕೈಗೆ ಒಂದು ದೀಪ ಕೊಟ್ಟು, ದೀಪಗಳನ್ನೆಲ್ಲ ಆರಿಸಿ, ಇದೇ ಚಿತ್ರದಂತೆ ನಿಲ್ಲಿಸುವುದು ನಮ್ಮ ಕಡೆಯೂ ಬಂದಿದೆ. ನನ್ನ ಜೊತೆ ಪಿ.ಯು.ಸಿ. ಓದಿದ ಇಬ್ಬರು ಗೆಳತಿಯರ ಇಂಥ ಫೋಟೋ ನೋಡಿದ್ದೇನೆ. ಇಬ್ಬರೂ ನನಗಿಂತ ಜಾಣೆಯರು, ಒಬ್ಬಳು ಅರ್ಥಶಾಸ್ತ್ರದಲ್ಲಿ ತರಗತಿಗೆ ಮೊದಲು ಬರುತ್ತಿದ್ದವಳು. ಇಬ್ಬರೂ ಈಗ ಮನೆಯ ಬೆಳಕೇ ಆಗಿದ್ದಾರೆ. ಪದವಿಯ ತರಗತಿಯಲ್ಲಿ ಅವರ ಜಾಗ ಖಾಲಿಯಿದೆ. ಯಾವ ಮನೆಯ ಬೆಳಕು ಎಂಬುದನ್ನು ಅವರು ಆರಿಸಿಕೊಂಡಿದ್ದರೆ ನನ್ನದೇನೂ ಮಾತಿರಲಿಲ್ಲ.

ನನ್ನ ಸಂಗತಿಯನ್ನೇ ಹೇಳುವುದಾದರೆ, ನಮ್ಮದು ಯರಗೇರಾ. ಮಂತ್ರಾಲಯದ ರಸ್ತೆಯ ಮೇಲಿನ ಊರು. ಬೆಳಿಗ್ಗೆ ಕಾಲೇಜಿಗೆ ಬರುವ ಬಸ್ಸಿನಲ್ಲಿ ರಾಯರ ದರ್ಶನ ಮುಗಿಸಿ ಬರುವ ಯಾತ್ರಿಕರ ನಡುವೆ ನಿಂತು ಓದಿದ ಪಾಠಗಳೇ ಹೆಚ್ಚು. ತಂದೆ ಗಂಜಿನಲ್ಲಿ ಹಮಾಲಿ ಮಾಡುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ನಮ್ಮೂರಿನ ಬಳಿ ಇದ್ದ ಆವರಣ ಈಗ ಸ್ವತಂತ್ರ ವಿಶ್ವವಿದ್ಯಾಲಯವೇ ಆಗಿದೆ. ಎಲ್ಲೆಲ್ಲಿಂದಲೋ ಹುಡುಗರು ಹುಡುಗಿಯರು ಬಂದು ಅಲ್ಲಿ ಎಂ.ಎ. ಓದುತ್ತಾರೆ. ಸಂಜೆ ಅದರ ದೀಪಗಳು ಹೊತ್ತಿಕೊಳ್ಳುವುದು ನಮ್ಮ ಕಡೆಗೂ ಕಾಣುತ್ತದೆ. ಆದರೆ ಬಿ.ಎ. ಮುಗಿಯುತ್ತ ಬಂದಂತೆ ನಮ್ಮ ಅಂಗಳದಲ್ಲಿ ಬೇರೆ ಮಾತು ಶುರುವಾಗಿದೆ. ಸೋದರಮಾವಂದಿರು ಬಂದು ಕುಳಿತು, "ಓದಿದ್ದು ಸಾಕು, ಹೆಣ್ಣು ಅಂದ್ರ ಇನ್ನೊಬ್ಬರ ಮನಿ ದೀಪ" ಎನ್ನುತ್ತಾರೆ. ಅವರು ಕೆಟ್ಟವರಲ್ಲ, ನನ್ನ ಪರೀಕ್ಷೆಯ ಫೀಸು ಒಂದು ಸಲ ಅವರೇ ಕಟ್ಟಿದ್ದಾರೆ. ಆದರೂ ಆ ಮಾತು ಬಂದಾಗಲೆಲ್ಲ ನನಗೆ ಈ ಚಿತ್ರ ನೆನಪಾಗುತ್ತದೆ. ಮಾವಂದಿರು ನನ್ನನ್ನು ದೀಪವೆನ್ನುತ್ತಾರೆ, ಚಿತ್ರದ ಕೆಳಗಿನ ಆ ಸಾಲೂ ಆಕೆಯನ್ನು ದೀಪವೆನ್ನುತ್ತದೆ. ಕಣ್ಣು ಬಿಟ್ಟು ನೋಡಿದರೆ ಚಿತ್ರದಲ್ಲಿ ಆಕೆ ದೀಪವಲ್ಲ, ದೀಪ ಹಿಡಿದವಳು. ಇವೆರಡಕ್ಕೂ ಇರುವ ಅಂತರವನ್ನು ವ್ಯಾಕರಣದ ಗುರುಗಳು ನನಗಿಂತ ಚೆನ್ನಾಗಿ ಬಿಡಿಸಿ ಹೇಳಬಲ್ಲರು. ದೀಪವನ್ನು ಇನ್ನೊಬ್ಬರು ಎತ್ತಿ ಇಟ್ಟಲ್ಲಿ ಇರಬೇಕು. ಹಿಡಿದವಳಿಗೆ ಕಾಲಿದೆ.

ಇಂಗ್ಲಿಷಿನಲ್ಲಿ ಈ ಚಿತ್ರವನ್ನು 'ಲೇಡಿ ವಿತ್ ದಿ ಲ್ಯಾಂಪ್' ಎಂದು ಕರೆಯುವುದೂ ರೂಢಿಯಲ್ಲಿದೆ. ಅದು ಮೊದಲು ಫ್ಲಾರೆನ್ಸ್ ನೈಟಿಂಗೇಲಳಿಗೆ ಬಂದ ಹೆಸರು. 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ ರಾತ್ರಿ ದೀಪ ಹಿಡಿದು ಗಾಯಾಳುಗಳ ಹಾಸಿಗೆಯಿಂದ ಹಾಸಿಗೆಗೆ ನಡೆದವಳು ಆಕೆ. ಆಮೇಲೆ ಸಾವಿನ ಅಂಕಿಸಂಖ್ಯೆಗಳನ್ನು ಚಿತ್ರಪಟಗಳಾಗಿ ಮಾಡಿ ಸರಕಾರದ ಮುಂದಿಟ್ಟವಳೂ ಹೌದು. ಆ ಎರಡನೆಯ ಕೆಲಸ ಮೊದಲನೆಯದಕ್ಕಿಂತ ದೊಡ್ಡದೆಂದು ತಿಳಿದವರು ಹೇಳುತ್ತಾರೆ. ಆಕೆಯನ್ನು ಯಾರೂ 'ಮನೆಯ ಬೆಳಕು' ಎನ್ನಲಿಲ್ಲ. ಆಕೆಯ ಕೈಯ ದೀಪ ಕೆಲಸದ ದೀಪವೆಂದು ಜಗತ್ತು ಒಪ್ಪಿತು. ನಮ್ಮ ಚಿತ್ರದವಳ ಕೈಯಲ್ಲಿರುವುದೂ ಕೆಲಸದ ದೀಪವೇ ಎಂದು ನಾನು ಹೇಳಿದರೆ ಅದರಲ್ಲಿ ಉದ್ಧಟತನವೇನೂ ಇಲ್ಲ.

ಇನ್ನು ಮುಖಪುಟದ ವಿಷಯ. ಸಮಿತಿಯವರು ನನ್ನನ್ನು ಕೇಳಿದರೆ ಸಾಲು ಹೀಗಿರಲಿ: "ಸಾ. ಲ. ಹಳದಣಕರ: ಮಗಳು ಗೀತಾ, ದೀಪದೊಂದಿಗೆ. ಜಲವರ್ಣ, 1945-46. ಜಗನ್ಮೋಹನ ಅರಮನೆ, ಮೈಸೂರು." ಸ್ವಲ್ಪ ಉದ್ದವಾಯಿತೆಂದು ಮುದ್ರಣಾಲಯದವರು ಗೊಣಗಬಹುದು. ಅಕ್ಷರವನ್ನು ಸಣ್ಣದು ಮಾಡಿದರೆ ಹಿಡಿಸುತ್ತದೆ. ನಾನು ಕಾಗದದ ಮೇಲೆ ಅಳೆದು ನೋಡಿದ್ದೇನೆ. ಖರ್ಚು ಉಳಿಸಲು ಚಿತ್ರವನ್ನು ಕಪ್ಪು ಬಿ‍ಳುಪಿನಲ್ಲಿ ಮುದ್ರಿಸೋಣವೆಂಬ ಸಲಹೆಯೂ ಬಂದಿದೆಯಂತೆ. ಅದನ್ನು ಮಾತ್ರ ದಯವಿಟ್ಟು ಕೈಬಿಡಬೇಕು. ಬೆರಳ ಸಂದಿಯ ಆ ಕೆಂಪು ಹೋದರೆ ಅಲ್ಲಿ ಉಳಿಯುವುದು ಮಸಿ ಹತ್ತಿದ ಒಂದು ಕೈ. ಬಣ್ಣದ ಅಚ್ಚಿಗೆ ಹಣವಿಲ್ಲದಿದ್ದರೆ ಎರಡು ದಿನ ಜಗಳಾಡಿ ಬಿಟ್ಟ ಹತ್ತಿಯ ಹೊಲವನ್ನೇ ಹಾಕಿರಿ. ಅದು ಕಪ್ಪು ಬಿಳುಪಿನಲ್ಲಿಯೂ ಚೆನ್ನಾಗಿಯೇ ಬರುತ್ತದೆ. ಫೋಟೋ ಬೇಕಾದರೆ ನಮ್ಮೂರಿನಲ್ಲಿ ಬಿಡಿಸುವ ಕಾಲಕ್ಕೆ ಬಂದರೆ ಸಿಕ್ಕೀತು. ಹೊಲದಲ್ಲಿ ನಿಂತವರ ಹೆಸರುಗಳನ್ನು ಕೇಳಿ ಬರೆದುಕೊಡುವ ಕೆಲಸ ನನಗಿರಲಿ.